ಕಿಲ್‌ಡಾನಿ ಮಾಗಣೆಯೂ ಜಾರಪ್ಪನ ದಾರಂದವೂ

ಅಣ್ಣು ಆಚಾರಿ ಉಳಿ ಮಸೆಯುವ ಸದ್ದು ಕೇಳಿದರೆ ಯಾರದೋ ಕುತ್ತಿಗೆಗೆಂದೇ ಮಸೆಯುವ ಹಾಗಿರುತ್ತದೆ ಎಂದು ಸೌದಿಯ ಯಾನ್ಬುವಿನ ಹಳೇಪೇಟೆಯ ಆ ಓಣಿಯಲ್ಲಿ ಜನ ಹೇಳುತ್ತಿದ್ದರು. ಎದುರು ಮನೆಯ ಈಜಿಪ್ಟಿನ ಮೇಷ್ಟ್ರು ಅದನ್ನು ಅರಬಿಯಲ್ಲಿ ಹೇಳಿದರೆ, ನಮ್ಮ ಕರಾವಳಿಯವರು ತುಳುವಿನಲ್ಲಿ ಹೇಳುತ್ತಿದ್ದರು. ಮೂಲೆಯಲ್ಲಿ ರೊಟ್ಟಿ ಸುಡುವ ಯಮನಿಯವನಿಗೆ ಮಾತೇ ಬೇಕಿರಲಿಲ್ಲ, ಬೆರಳನ್ನು ಕುತ್ತಿಗೆಯ ಅಡ್ಡಕ್ಕೆ ಎಳೆದು ತೋರಿಸಿ ನಗುತ್ತಿದ್ದ. ಆದರೆ ಅದೇ ಬಾಯಲ್ಲಿ, ಕಿಟಕಿ ಕೆಟ್ಟರೆ ಕರೆಯುವುದು ಅವನನ್ನೇ. ಹವಳದ ಕಲ್ಲಿನ ಆ ಹಳೆಯ ಮನೆಗಳ ಮರದ ಜಾಲರಿ ಕಿಟಕಿಗಳನ್ನು ರಿಪೇರಿ ಮಾಡುವ ಕೈ ಆ ಊರಿನಲ್ಲಿ ಬೇರೆ ಇರಲಿಲ್ಲ.

ಮೊದಲು ಅವನು ಹೀಗಿರಲಿಲ್ಲವಂತೆ. ಕಾರ್ಕಳದ ಕಡೆಯಿಂದ ಬಂದು ಅಬ್ದುಸ್ಸಲಾಮ್ ಎಂಬ ಅರಬಿಯ ಮರದ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಹೊಸತರಲ್ಲಿ ಅವನು ಹಾಡಿಕೊಂಡೇ ಮರ ಕೆತ್ತುತ್ತಿದ್ದ. ಹಾಡು ನಿಂತದ್ದು ತಮ್ಮ ವಾಮನ ಸತ್ತ ಮೇಲೆ.

ವಾಮನ ಅಣ್ಣನ ಹಿಂದೆಯೇ ಬಂದು ಬೇರೊಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಅಟ್ಟಣಿಗೆಯ ಮೇಲೆ ಹಲಗೆ ಬಡಿಯುವ ಕೆಲಸಕ್ಕೆ ಸೇರಿದ್ದ. ಫೋರ್ಮನ್ ಜಾರಪ್ಪ, ಊರಿನಲ್ಲಿ ಇವರ ಪಕ್ಕದ ಗ್ರಾಮದವನೇ. ಒಂದು ಮಧ್ಯಾಹ್ನ ಊಟದ ಬಿಡುವು ಮುಗಿಸಿ ಮೇಲೆ ಹತ್ತಿದ ವಾಮನ, ದಿನವೂ ಕಾಲಿಡುತ್ತಿದ್ದ ಜಾಗಕ್ಕೆ ಕಾಲಿಟ್ಟ. ಅಲ್ಲಿ ಹಲಗೆ ಇರಲಿಲ್ಲ.

ಜಾರಪ್ಪ ಕಂಪೆನಿಗೆ ಹೇಳಿದ, "ಅವನು ಕುಡಿದಿದ್ದ." ಸೌದಿಯಲ್ಲಿ ಕುಡಿತವಾ ಎಂದು ಕೇಳಬೇಡಿ. ಕ್ಯಾಂಪಿನ ಹಿತ್ತಿಲಲ್ಲಿ ಗುಟ್ಟಾಗಿ ಬಟ್ಟಿ ಇಳಿಸುವವರು ಆಗಲೂ ಇದ್ದರು. ಕಂಪೆನಿಗೂ ಆ ಮಾತೇ ಅನುಕೂಲವಾಯಿತು. ಮಾತು ಕಡಲು ದಾಟಿ ಊರಿಗೆ ಹೋಯಿತು. ಹೆಣಕ್ಕಿಂತ ಮೊದಲು ಹೋಯಿತು. ಕಳ್ಳಿನ ಗಡಂಗಿನ ಮುಂದೆ ಹಾದುಹೋಗುವಾಗಲೂ ಮುಖ ತಿರುಗಿಸುತ್ತಿದ್ದ ವಾಮನ ಕುಡಿದು ಬಿದ್ದು ಸತ್ತವನಾದ. ಅವನ ಹೆಂಡತಿ ಸುಂದರಿ ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು. ಅಣ್ಣುವಿನ ಅಪ್ಪ ಊರ ದೈವಸ್ಥಾನದ ಮರಗೆಲಸಕ್ಕೆ ತಲೆಮಾರಿನಿಂದ ಕರೆಸಿಕೊಳ್ಳುತ್ತಿದ್ದವರು. ಆ ವರ್ಷ ಅವರಿಗೆ ಕರೆ ಬರಲಿಲ್ಲ.

ಕೆಲವು ತಿಂಗಳ ನಂತರ, ದೂರದ ಬುರೈದಾ ಊರಿಗೆ ಹೊರಟಿದ್ದ ಒಬ್ಬ ಪಠಾಣ ಅಂಗಡಿಗೆ ಬಂದು ಅಣ್ಣುವಿನ ಕೈ ಹಿಡಿದುಕೊಂಡ. ಅವನೂ ಅದೇ ಅಟ್ಟಣಿಗೆಯಲ್ಲಿದ್ದವನು. "ನಿನ್ನ ತಮ್ಮ ಕುಡಿದಿರಲಿಲ್ಲ. ಇನ್ನೊಂದು ಕಡೆ ಕಾಂಕ್ರೀಟಿಗೆ ಹಲಗೆ ಕಡಿಮೆಯಾಯ್ತು ಅಂತ ಫೋರ್ಮನ್ನೇ ಊಟದ ಹೊತ್ತಿನಲ್ಲಿ ತೆಗೆಸಿದ್ದ. ಮೇಲಿದ್ದವರಿಗೆ ಹೇಳಲಿಲ್ಲ. ಖುದಾ ಗವಾಹ್, ದೇವರೇ ಸಾಕ್ಷಿ" ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಅಂದು ಸಂಜೆಯೇ ಅಣ್ಣು ಉಳಿ ಮಸೆಯಲು ಶುರುಮಾಡಿದ್ದು.

ಅವನು ಇದ್ದದ್ದು ಅಬ್ದುಸ್ಸಲಾಮನದೇ ಒಂದು ಹಳೆಯ ಮನೆಯ ಮಹಡಿಯಲ್ಲಿ, ಜೊತೆಗೆ ಇದ್ದವನು ಬಜಪೆಯ ಬ್ಯಾರಿ ಮೊಯಿದಿನಬ್ಬ. ಬಿಳಿಯರು ಇರುವ ಕಾಂಪೌಂಡಿನಲ್ಲಿ ಮಕ್ರೇ ಎಂಬ ಎಂಜಿನಿಯರನ ಮನೆಯಲ್ಲಿ ಅಡುಗೆ ಕೆಲಸ ಅವನಿಗೆ. ಒಂದು ಶುಕ್ರವಾರ ಅವನು ಸಾಹೇಬನನ್ನೇ ಮನೆಗೆ ಕರೆತಂದ.

"ಆಚಾರ್ರೇ, ಇವರು ನಮ್ಮ ದೊರೆ. ಇಂಗ್ಲಿಷಿನವರು ಅಂತ ಮಾತ್ರ ಹೇಳ್ಬೇಡಿ, ಸಿಟ್ಟು ಬರ್ತದೆ. ಸ್ಕಾಟ್‌ಲ್ಯಾಂಡಿನವರು. ಇವರ ಊರನ್ನು ಮರದಲ್ಲಿ ಮಾಡಿಕೊಡ್ಬೇಕಂತೆ."

"ಊರನ್ನಾ? ಎಷ್ಟು ದೊಡ್ಡ?"

"ನಮ್ಮ ಊಟದ ಮೇಜಿನಷ್ಟು."

ಮಕ್ರೇ ಎತ್ತರದ, ಕೆಂಪು ಮೂಗಿನ ಮನುಷ್ಯ. ಮುಂಬಯಿಯ ಹಡಗುಕಟ್ಟೆಯಲ್ಲಿ ವರ್ಷಗಟ್ಟಲೆ ಇದ್ದುದರಿಂದ ಹಿಂದೂಸ್ತಾನಿ ಹರಕುಮುರುಕು ಬರುತ್ತಿತ್ತು. ಉಳಿದದ್ದನ್ನು ಮೊಯಿದಿನಬ್ಬ ತನ್ನ ಒಗ್ಗರಣೆ ಹಾಕಿ ಬಡಿಸುತ್ತಿದ್ದ. ದೊರೆಯ ಸೀಮೆಯ ಹೆಸರು ಕಿಲ್‌ಡಾನಿ. ಅದು ಒಂದು ಊರಲ್ಲ, ಮೂರು ಊರುಗಳ ಕೂಟ. ಗುಡ್ಡದ ಮೇಲೆ ಬ್ರೇಹೆಡ್, ತೊರೆಯ ಬದಿಯಲ್ಲಿ ಹಿಟ್ಟಿನ ಗಿರಣಿಯಿರುವ ಮಿಲ್‌ಟನ್, ಕಡಲ ಕರೆಯಲ್ಲಿ ಮೀನುಗಾರರ ಶೋರ್‌ಟೌನ್. ಮೂರಕ್ಕೂ ಸೇರಿ ಹೊಲಗಳ ನಡುವೆ ಒಂದು ಹಳೆಯ ಇಗರ್ಜಿ, ಅದರ ಸುತ್ತ ಮೂರೂ ಊರಿನ ಗೋರಿಗಳು.

"ಮಾಗಣೆ!" ಎಂದ ಅಣ್ಣು. "ಮೂರು ಗ್ರಾಮ, ಒಂದು ದೇವಸ್ಥಾನ. ನಮ್ಮಲ್ಲಿ ಇದಕ್ಕೆ ಮಾಗಣೆ ಅಂತ ಹೇಳುದು."

"ಅದೇ ಮಾರಾಯ್ರೇ. ಆದರೆ ಇವರ ಮಾಗಣೆಗೆ ಇಗರ್ಜಿ ಎರಡು. ಅದೇ ಜಗಳ."

ಫಿನ್‌ಲೆಂಡಿನಿಂದ ಯಂತ್ರ ತುಂಬಿ ಬಂದ ಪೆಟ್ಟಿಗೆಗಳ ಬಿಳಿ ಮರವನ್ನು ದೊರೆ ತರಿಸಿಕೊಟ್ಟ. ಅಣ್ಣು ಅಂಗಡಿಯ ಕೆಲಸ ಮುಗಿಸಿ ಬಂದು, ಬೆಳಕಿರುವ ಹೊತ್ತಿನಲ್ಲಿ ಜಾಲರಿ ಕಿಟಕಿಯ ಬಳಿ ಕುಳಿತು ಕೆತ್ತುತ್ತಿದ್ದ. ಮೊಳೆ ಇಲ್ಲ, ಎಲ್ಲ ಬೆಣೆಯ ಕೆಲಸ. ಮೊದಲು ಮುಗಿದದ್ದು ಮಿಲ್‌ಟನ್. ದೊರೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ.

"ಪ್ರತಿ ಮನೆಯ ಮುಂದೆ ಈ ಚೌಕ ಕಲ್ಲು ಎಂಥದು?"

ಅಣ್ಣು ತಬ್ಬಿಬ್ಬಾದ. "ಮನೆ ಅಂದ್ಮೇಲೆ ಅಂಗಳದಲ್ಲಿ ಕಟ್ಟೆ ಬೇಡವಾ?"

ಮೊಯಿದಿನಬ್ಬ ಹೊಟ್ಟೆ ಹಿಡಿದುಕೊಂಡ. "ಅಯ್ಯೋ ಆಚಾರ್ರೇ! ಬಿಳಿಯರ ಮನೆ ಮನೆಗೂ ತುಳಸಿಕಟ್ಟೆ ಕಟ್ಟಿಸಿದಿರಲ್ಲಾ! ಇನ್ನು ದೀಪ ಇಡ್ಲಿಕ್ಕೆ ಬಿಳಿ ಮಡಮ್ಮನನ್ನು ಕರೀಬೇಕು!"

ದೊರೆಗೆ ಅರ್ಥ ಮಾಡಿಸಿದಾಗ ಅವನೂ ನಕ್ಕ. ಕಟ್ಟೆಗಳೆಲ್ಲ ಕಳಚಿದವು. ಆದರೆ ಹಳೆಯ ಇಗರ್ಜಿಯ ಗೋಪುರದ ತುದಿಗೆ ಲೋಹದ ಹುಂಜ ಬೇಕೆಂದಾಗ ಹುಬ್ಬೇರಿಸುವ ಸರದಿ ಅಣ್ಣುವಿನದಾಯಿತು. ದೇವರ ಮನೆಯ ನೆತ್ತಿಯ ಮೇಲೆ ಕೋಳಿಯೇ! ಗಾಳಿ ಬಂದ ದಿಕ್ಕಿಗೆ ಅದು ಮುಖ ಮಾಡುತ್ತದಂತೆ. "ಅಂಕದಲ್ಲಿ ಕಾದಾಡ್ಲಿಕ್ಕೆ ಬಿಡುವ ಕೋಳಿಯಲ್ಲ ಇದು, ಗಾಳಿಯೊಟ್ಟಿಗೆ ಹೊಂದಿಕೊಂಡು ಹೋಗುವ ಕೋಳಿ. ನಮ್ಮ ಜಾರಪ್ಪನ ಹಾಗೆ" ಎಂದ ಮೊಯಿದಿನಬ್ಬ. ಆ ಹೆಸರು ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಹೀಗಿರುವಾಗ, ಹೆಸರು ಹೇಳಿದ್ದಕ್ಕೆ ಎದ್ದುಬಂದ ಹಾಗೆ, ಜಾರಪ್ಪನೇ ಆ ಮನೆಯ ಮೆಟ್ಟಿಲು ಹತ್ತಿ ಬಂದ.

ಅವನು ಊರಿನಲ್ಲಿ ಹೊಸಮನೆ ಕಟ್ಟಿಸುತ್ತಿದ್ದ. ಗೋಡೆ ಎದ್ದಿತ್ತು, ಹೆಬ್ಬಾಗಿಲಿಗೆ ದಾರಂದ, ಎಂದರೆ ಮರದ ಚೌಕಟ್ಟು, ಬೇಕಿತ್ತು. ಕೆಲಸದ ಕಡೆ ಬರ್ಮಾದ ಸಾಗುವಾನಿ ತೊಲೆ ಸಿಕ್ಕಿತ್ತು. ಹಡಗಿನಲ್ಲಿ ಕಳಿಸಿ ಮನೆ ಒಕ್ಕಲಿಗೆ, ಗೃಹಪ್ರವೇಶಕ್ಕೆ, ನಿಲ್ಲಿಸುವ ಆಸೆ. "ಊರಿನಲ್ಲಿ ಈಗ ಇಂಥ ಕೆಲಸದವರೆಲ್ಲಿ, ಆಚಾರ್ರೇ? ನಿಮ್ಮ ಕೈ ಬಿದ್ದರೆ ಮನೆಗೊಂದು ಲಕ್ಷಣ. ಹೋದವನು ಹೋದ. ನಮ್ಮೊಳಗೆ ಎಂತ ಉಂಟು, ಹೇಳಿ?"

ಅಣ್ಣು ಅವನ ಮುಖವನ್ನೇ ನೋಡಿದ. ಈ ಮನುಷ್ಯನಿಗೆ, ಪಠಾಣ ಬಾಯಿ ಬಿಟ್ಟ ಸಂಗತಿ ಗೊತ್ತಿಲ್ಲ. ತಾನು ಮಾಡಿದ್ದನ್ನು ತಾನೇ ಮರೆತಿದ್ದಾನೆ. "ಆಗಬಹುದು" ಎಂದ. ಮೊಯಿದಿನಬ್ಬನ ಕೈಯಲ್ಲಿದ್ದ ಚಹಾದ ಲೋಟ ಅರ್ಧದಲ್ಲೇ ನಿಂತಿತು.

ಜಾರಪ್ಪ ಇಳಿದುಹೋದ ಮೇಲೆ ಮೊಯಿದಿನಬ್ಬ ಕೇಳಿದ, "ನಿಮಗೆ ತಲೆ ಸಮ ಉಂಟಾ? ಅವನಿಗೆ ಬಾಗಿಲು ಮಾಡಿಕೊಡುದಾ?"

"ಮಾಡಿಕೊಡ್ತೇನೆ. ಒಂದು ಕಂಬ ಬುಡ ಮೇಲೆ ಮಾಡಿ ನಿಲ್ಲಿಸ್ತೇನೆ."

ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದ ಕಂಬದ ಮನೆಯಲ್ಲಿ ಅನ್ನ ಹತ್ತುವುದಿಲ್ಲ, ತೊಟ್ಟಿಲು ತೂಗುವುದಿಲ್ಲ, ಯಜಮಾನ ನೆಲ ಹಿಡಿಯುತ್ತಾನೆ. ಆಚಾರಿಯನ್ನು ನೋಯಿಸಿ ಮನೆ ಕಟ್ಟಿಸಬೇಡಿ ಎಂದು ಹಿರಿಯರು ಹೇಳುವುದು ಇದಕ್ಕೇ. ಚೆನ್ನಾಗಿ ಹೆರೆದು ನಯಮಾಡಿ ಎಣ್ಣೆ ಕುಡಿಸಿದ ಮೇಲೆ ಬುಡ ಯಾವುದು ತುದಿ ಯಾವುದು ಎಂದು ಮಾಡಿದವನನ್ನು ಬಿಟ್ಟರೆ ಬೇರೆಯವರಿಗೆ ತಿಳಿಯುವುದೂ ಇಲ್ಲ. ಅಣ್ಣುವಿಗೆ ಉಳಿ ಹಿಡಿಯಲು ಕಲಿಸಿದ ದಿನವೇ ಅಪ್ಪ ಅವನಿಂದ ಆಣೆ ಹಾಕಿಸಿಕೊಂಡಿದ್ದರು, ಎಂಥ ದ್ವೇಷವಿದ್ದರೂ ಮರವನ್ನು ತಲೆಕೆಳಗೆ ಮಾಡಬಾರದು ಎಂದು.

ಆ ಆಣೆಯನ್ನು ಅಣ್ಣು ಮುರಿದ. ಎಡಗಡೆಯ ಕಂಬವನ್ನು ತಿರುಗಿಸಿ ಅಡ್ಡಪಟ್ಟಿಗೆ ಕೂಡಿಸಿದ. ಕೊಡತಿಯ ಪೆಟ್ಟು ಒಂದೂ ತಪ್ಪಲಿಲ್ಲ. ಜಾರಪ್ಪ ಹೊಸ್ತಿಲು ದಾಟುವಾಗಲೆಲ್ಲ ವಾಮನ ಬಿದ್ದ ಹಾಗೆ ಬೀಳಲಿ ಎಂದು ಮನಸ್ಸಿನಲ್ಲೇ ಹೇಳುತ್ತ ಹೊಡೆದ. ಆ ದಿನ ಅನ್ನ ರುಚಿಸಿತು ಅವನಿಗೆ, ಬಹಳ ದಿನಗಳ ನಂತರ.

ಅದೇ ವಾರ ಮಕ್ರೇ ದೊರೆ ಬಂದ. ಹಳೆಯ ಇಗರ್ಜಿಯ ಗೋಪುರ ಎದ್ದು ನಿಂತಿತ್ತು. ಅಣ್ಣು ಅದರೊಳಗೆ ತೂಗಿಸಲು ಹಿತ್ತಾಳೆಯ ಪುಟ್ಟ ಗಂಟೆಯೊಂದನ್ನು ಪೇಟೆಯಿಂದ ತಂದಿಟ್ಟಿದ್ದ. ದೊರೆ ಅದನ್ನು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ.

"ಗಂಟೆ ಬೇಡ. ಗೂಡು ಖಾಲಿ ಇರಲಿ."

ಯಾಕೆಂದು ಕೇಳಿದ್ದಕ್ಕೆ ದೊರೆ ಕಥೆ ಹೇಳಿದ. ಮೊಯಿದಿನಬ್ಬ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಅದನ್ನು ನಮ್ಮ ಮಾತಿಗೆ ತಂದ.

"ಕೇಳಿ ಆಚಾರ್ರೇ. ಇವರ ಮುತ್ತಜ್ಜನ ಕಾಲದಲ್ಲಿ ಅಲ್ಲಿಯೂ ಗುತ್ತಿನವರು ಇದ್ದರು, ಊರ ಜಾಗದ ಒಡೆಯರು. ಇಗರ್ಜಿಗೆ ಯಾವ ಪಾದ್ರಿ ಬರ್ಬೇಕು ಅಂತ ಗುತ್ತಿನವರೇ ಹೇಳುದು. ಜನ ಆಗುದಿಲ್ಲ ಅಂದ್ರು. ಅರ್ಧ ಮಾಗಣೆ ಎದ್ದು ಹೊರಗೆ ನಡೀತು. ಹೊಸ ಇಗರ್ಜಿಗೆ ಜಾಗ ಕೇಳಿದ್ರೆ ಗುತ್ತಿನವರು ಒಂದು ಸೆಂಟ್ಸ್ ಕೊಡ್ಲಿಲ್ಲ. ಹೊರಗೆ ಹೋದವರು ಎಂತ ಮಾಡಿದ್ರು ಗೊತ್ತುಂಟಾ? ಕಡಲು ಇಳಿದಾಗ ಅಡಿಯ ಮರಳು, ಹೊಯಿಗೆ, ಕಾಣ್ತದಲ್ಲಾ, ಅದು ಯಾರಪ್ಪನದ್ದೂ ಅಲ್ಲ. ಅಲ್ಲಿ ನಿಂತು ಪ್ರಾರ್ಥನೆ! ನೀರು ಏರುವಾಗ ಆಮೀನ್ ಹೇಳಿ ಓಡುದು!"

ಕೊನೆಗೆ ಮಿಲ್‌ಟನ್ನಿನಲ್ಲಿ ಗಿರಣಿಯವನು ಜಾಗ ಕೊಟ್ಟ, ಎರಡನೆಯ ಇಗರ್ಜಿ ಎದ್ದಿತು. ಅಂದಿನಿಂದ ಒಂದೇ ತೊರೆಯ ನೀರು ಕುಡಿಯುವ ಜನ ಭಾನುವಾರ ದಾರಿಯಲ್ಲಿ ಎದುರಾದರೆ ಬೇಲಿಯ ಕಡೆ ಮುಖ ತಿರುಗಿಸುತ್ತಿದ್ದರು. ದೊರೆಯ ತಾಯಿ ಹಳೆಯ ಇಗರ್ಜಿಯ ಮನೆಯವಳು, ಬ್ರೇಹೆಡ್ಡಿನವಳು. ಮದುವೆಯಾದದ್ದು ಹೊಸ ಇಗರ್ಜಿಯ ಬಡಗಿಯನ್ನು.

"ಬಡಗಿಯಾ?" ಅಣ್ಣು ತಲೆಯೆತ್ತಿದ.

"ನಿಮ್ಮ ಜಾತಿಯೇ ಆಯ್ತಲ್ಲಾ. ಮೂರು ಊರಿನ ಶವಪೆಟ್ಟಿಗೆ ಎಲ್ಲ ಮಾಡುವವರು ಇವರ ಅಪ್ಪನೇ."

ಆ ಮಾಗಣೆಯ ಕ್ರಮ ಏನೆಂದರೆ, ಯಾವ ಇಗರ್ಜಿಯವರೇ ಸಾಯಲಿ, ಮಣ್ಣಾಗುವುದು ಹಳೆಯ ಇಗರ್ಜಿಯ ಹಿತ್ತಿಲಲ್ಲೇ. ಹೆಣ ಮನೆಯಿಂದ ಹೊರಟಲ್ಲಿಂದ ಗೋರಿ ಮುಟ್ಟುವ ತನಕ ಗಂಟೆ ಬಾರಿಸಬೇಕು. ದೊರೆ ಎಳೆಯವನಿದ್ದಾಗಲೇ ತಾಯಿ ತೀರಿಕೊಂಡಳು. ಗಂಟೆಗೂಡಿನ ಬೀಗದ ಕೈ ಇದ್ದದ್ದು ಅವಳ ಒಡಹುಟ್ಟಿದ ಅಣ್ಣನ ಬಳಿ. ಅವನು ಬೀಗ ತೆಗೆಯಲಿಲ್ಲ. ಹೆಣ ಹೊರಟಿತು. ಮೂರೂ ಊರಿನಲ್ಲಿ ಗುದ್ದಲಿ, ಬಲೆ, ಗಿರಣಿ ಎಲ್ಲ ನಿಲ್ಲಿಸಿ ಜನ ಕಿವಿಗೊಟ್ಟು ನಿಂತರು. ಸದ್ದಿಲ್ಲ.

"ಇವರ ಅಪ್ಪ ಎಂತ ಮಾಡಿದ್ರು?" ಅಣ್ಣು ಕೇಳಿದ.

ದೊರೆ ನೇರವಾಗಿ ಅಣ್ಣುವಿನ ಕಡೆ ತಿರುಗಿ ತನ್ನ ಹರಕು ಹಿಂದೂಸ್ತಾನಿಯಲ್ಲೇ ಹೇಳಿದ. ಬಡಗಿ ಕೈಯೆತ್ತಲಿಲ್ಲ, ಗುಟ್ಟಾಗಿ ಏನೂ ಮಾಡಲಿಲ್ಲ. ಮುಂದಿನ ಭಾನುವಾರ ಹಳೆಯ ಇಗರ್ಜಿಯ ಗೇಟಿನಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ, ಆ ಮನೆಗೆ ಇನ್ನು ನಾನು ಪೆಟ್ಟಿಗೆ ಮಾಡುವುದಿಲ್ಲ ಎಂದ. ಆ ಮನೆಯಲ್ಲಿ ಸಾವು ಬಂದಾಗ ಪೆಟ್ಟಿಗೆಯನ್ನು ಗುಡ್ಡದಾಚೆಯ ಪರಸೀಮೆಯಿಂದ ಗಾಡಿಯಲ್ಲಿ ತರಿಸಬೇಕಾಯಿತು. ಗಾಡಿ ಹಾದ ಊರೂರಲ್ಲೂ ಜನ, ಇದು ಯಾರಿಗೆ, ಅಲ್ಲೇ ಬಡಗಿ ಇಲ್ಲವೇ ಎಂದು ಕೇಳಿದರು. ಕೇಳಿದವರಿಗೆಲ್ಲ ಗಂಟೆಯ ಕಥೆ ಹೇಳಬೇಕಾಯಿತು. ಅವರ ಬಾಯಿಂದಲೇ. ಬೀಗ ತೆಗೆಯದ ಆ ಸೋದರಮಾವ ಸತ್ತಾಗಲೂ ಹಾಗೇ ಆಯಿತು.

"ಗುಟ್ಟಿನಲ್ಲಿ ಹೊಡೆದರೆ ಅವನಿಗೆ ನೋವಾಗುತ್ತದೆ, ಅಷ್ಟೇ. ಯಾಕೆ ಹೊಡೆದದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ" ಎಂದು ದೊರೆ ಖಾಲಿ ಗೂಡಿನೊಳಗೆ ಬೆರಳಾಡಿಸಿದ. "ಈ ಮಾಗಣೆಯನ್ನು ತೆಗೆದುಕೊಂಡು ಹೋಗಿ ಅವರ ಇಗರ್ಜಿಯ ಸಭಾಮನೆಯಲ್ಲೇ ಇಡುತ್ತೇನೆ. ಗಂಟೆ ಎಲ್ಲಿ ಅಂತ ಅವರ ಮೊಮ್ಮಕ್ಕಳು ಕೇಳಲಿ."

ಆ ಮಾತು ಅಣ್ಣುವಿನ ಎದೆಯಲ್ಲಿ ಬೆಣೆಯ ಹಾಗೆ ಕೂತಿತು. ಹೌದಲ್ಲ! ಜಾರಪ್ಪನ ಮನೆ ಹಾಳಾದೀತು, ಹಾಳಾಗಲಿ. ಆದರೆ ಬಾವಿಕಟ್ಟೆಯಲ್ಲಿ ಸುಂದರಿಗೆ ಯಾರು ದಾರಿ ಬಿಟ್ಟಾರು? ಅಪ್ಪನಿಗೆ ದೈವಸ್ಥಾನದಿಂದ ಕರೆ ಎಲ್ಲಿಂದ ಬಂದೀತು? ವಾಮನ ಕುಡುಕನಾಗಿಯೇ ಉಳಿಯುತ್ತಾನೆ. ತನಗೆ ಬೇಕಾದದ್ದು ಜಾರಪ್ಪನ ಕಣ್ಣೀರಲ್ಲ, ಜಾರಪ್ಪನ ಬಾಯಿ.

ದಾರಂದ ಮುಗಿದಿದೆ, ಶುಕ್ರವಾರ ನಾಲ್ಕು ಜನರನ್ನು ಕರೆದುಕೊಂಡು ಬನ್ನಿ, ಎಣ್ಣೆ ಅರಸಿನ ಮುಟ್ಟಿಸಿ ಕಳಿಸುವ ಎಂದು ಅಣ್ಣು ಹೇಳಿ ಕಳಿಸಿದ. ಜಾರಪ್ಪ ಉಬ್ಬಿಹೋದ. ನಾಲ್ಕಲ್ಲ, ಯಾನ್ಬುವಿನಲ್ಲಿದ್ದ ಕರಾವಳಿಯವರನ್ನೆಲ್ಲ ಗುಡ್ಡೆ ಹಾಕಿ ತಂದ. ಬ್ಯಾರಿಗಳು, ಬಂಟರು, ಮೊಗವೀರರು, ಒಬ್ಬಿಬ್ಬರು ಕೊಂಕಣಿಗರು. ಮೊಯಿದಿನಬ್ಬ ಮೀನು ಗಸಿ ಮಾಡಿದ್ದ. ಮಹಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ದಾರಂದ ಜೇನಿನ ಹಾಗೆ ಹೊಳೆಯುತ್ತಿತ್ತು. ಬಳ್ಳಿ, ಹೂ, ಮೇಲುಪಟ್ಟಿಯಲ್ಲಿ ಜೋಡಿ ಆನೆ.

"ಹೇಗೆ? ಅರಮನೆಗೆ ಸಮ ಅಲ್ವಾ?" ಜಾರಪ್ಪ ಒಬ್ಬೊಬ್ಬರನ್ನೇ ಎಳೆದು ತೋರಿಸಿದ.

ಅಣ್ಣು ಕೈ ತೊಳೆದು ಬಂದು ದಾರಂದದ ಬಳಿ ನಿಂತ. "ಎಲ್ಲರೂ ಇದ್ದೀರಿ. ಒಂದು ಮಾತು ಉಂಟು. ಇದರಲ್ಲಿ ಒಂದು ಕಂಬ ಬುಡ ಮೇಲೆ ಉಂಟು."

ಗಸಿಯ ತಟ್ಟೆಗಳು ನಿಂತವು.

"ತಮಾಷೆ ಮಾಡ್ತಾ ಇದ್ದೀರಾ, ಆಚಾರ್ರೇ?"

"ತಮಾಷೆ ಮಾಡುವ ಬಾಯಿ ನಿಮ್ಮದು, ಜಾರಪ್ಪಣ್ಣ. ನನ್ನ ತಮ್ಮ ಕುಡಿದಿದ್ದ ಅಂತ ಹೇಳಿದ್ದು ಈ ಬಾಯಿಯೇ ಅಲ್ವಾ? ಹಲಗೆ ತೆಗೆಸಿದ್ದು ಯಾರು?"

ಜಾರಪ್ಪನ ಮುಖ ಇಳಿಯಿತು. ಪಕ್ಕದಲ್ಲಿದ್ದ ಅವನ ಕಂಪೆನಿಯವರೇ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೂ ಅಲ್ಪಸ್ವಲ್ಪ ಗೊತ್ತಿತ್ತು, ಕೆಲಸದ ಹೆದರಿಕೆಗೆ ಮುಚ್ಚಿಕೊಂಡಿದ್ದರು.

"ಯಾವ ಕಂಬ ಅಂತ ಹೇಳಿ, ನಾನೇ ತಿರುಗಿಸ್ತೇನೆ" ಎಂದ ಜಾರಪ್ಪ, ನಗುವ ಹಾಗೆ ಮಾಡಿ.

"ಹುಡುಕಿ. ಬೇರೆ ಆಚಾರಿಯನ್ನು ಕರೆಸಿ. ಒಬ್ಬ ಆಚಾರಿ ಸಿಟ್ಟಿನಲ್ಲಿ ಇಟ್ಟ ಕಂಬವನ್ನು ಇನ್ನೊಬ್ಬ ಮುಟ್ಟುದಿಲ್ಲ, ನಿಮಗೆ ಗೊತ್ತುಂಟಲ್ಲ?"

"ಸುಟ್ಟು ಹಾಕ್ತೇನೆ!"

"ಬಾಗಿಲಿಗೆ ಅಂತ ಹೆಸರು ಹೇಳಿ ಕೆತ್ತಿದ ಮರ. ಸುಡುದಾದ್ರೆ ಸುಡಿ. ಮನೆ ಒಕ್ಕಲಿಗೆ ಮೊದಲೇ ಹೆಬ್ಬಾಗಿಲು ಸುಟ್ಟವರು ಅಂತ ಆಗ್ತದೆ."

ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಜಾರಪ್ಪಾ, ಇದ್ದದ್ದು ಇದ್ದ ಹಾಗೆ ಹೇಳಿಬಿಡು ಮಾರಾಯ. ಮಕ್ಕಳು ಮರಿ ಇರುವ ಮನೆ" ಎಂದರು.

ಮೊಯಿದಿನಬ್ಬ ಒಳಗೆ ಹೋಗಿ ತನ್ನ ಟೇಪ್‌ರೆಕಾರ್ಡರ್ ತಂದು ಚಾಪೆಯ ಮೇಲಿಟ್ಟ. ಆಗಿನ ಕಾಲದಲ್ಲಿ ಗಲ್ಫಿನವರ ಕಾಗದವೇ ಅದು. ಬರೆಯಲು ಬಾರದವರೂ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಕೆಂಪು ಗುಂಡಿ ಒತ್ತಿ ಅವನು ಹೇಳಿದ, "ಮಾತಾಡಿ ಫೋರ್ಮನ್ನರೇ. ಊರಿಗೆ ಕೇಳ್ಬೇಕು. ಸ್ವಲ್ಪ ಗಟ್ಟಿ."

ಬೆವರು ಒರೆಸಿಕೊಂಡು, ದಾರಂದವನ್ನು ನೋಡಿ, ಜನರನ್ನು ನೋಡಿ, ಮತ್ತೆ ದಾರಂದವನ್ನು ನೋಡಿ ಜಾರಪ್ಪ ಬಾಯಿಬಿಟ್ಟ. ಹಲಗೆ ತೆಗೆಸಿದ್ದು ತಾನು. ಮೇಲಿದ್ದವರಿಗೆ ಹೇಳದೆ ಇದ್ದದ್ದು ತಾನು. ವಾಮನ ಕುಡಿದಿರಲಿಲ್ಲ, ಕುಡಿಯುವವನೂ ಅಲ್ಲ. "ಇನ್ನೊಮ್ಮೆ" ಎಂದ ಅಣ್ಣು. "ಅಪ್ಪನಿಗೆ ಕಿವಿ ಮಂದ." ಜಾರಪ್ಪ ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಹೇಳುವಾಗ ಅವನ ದನಿ ಸಣ್ಣ ಮಗುವಿನ ಹಾಗೆ ಸೀಳಿತು. ಅಣ್ಣುವಿಗೆ ಅದು ಸಂಗೀತದ ಹಾಗೆ ಕೇಳಿತು.

"ಇದು ಊರಿನಲ್ಲಿ ಎಲ್ಲರ ಎದುರು ಕೇಳಿ ಆಯ್ತು ಅಂತ ಸುದ್ದಿ ಬರ್ಲಿ. ಬಂದ ದಿನ ಕಂಬ ತಿರುಗಿಸಿಕೊಡ್ತೇನೆ. ಇದು ನನ್ನ ಮಾತು."

ಊರಿಗೆ ಹೊರಟಿದ್ದ ಒಬ್ಬ ಮೊಗವೀರ ಕ್ಯಾಸೆಟ್ಟು ಒಯ್ದ. ಅದನ್ನು ದೈವಸ್ಥಾನದ ಅಂಗಳದಲ್ಲೇ ಹಾಕಿದರಂತೆ. ತಿರುಗಿ ಬಂದ ಕ್ಯಾಸೆಟ್ಟಿನಲ್ಲಿ ಸುಂದರಿಯ ದನಿ ಮಾತ್ರ ಇತ್ತು. "ಭಾವ, ಕೇಳಿದೆವು. ಎಲ್ಲರೂ ಕೇಳಿದರು. ಮಾವನಿಗೆ ಕರೆ ಬಂದಿದೆ." ಹಿಂದೆ ಒಂದು ಕೋಳಿ ಕೂಗಿದ್ದು ಕೇಳುತ್ತಿತ್ತು. ಅಣ್ಣು ಎದ್ದು ಕೊಡತಿ, ಉಳಿ, ಹೊಸ ಬೆಣೆಗಳನ್ನು ಜೋಡಿಸಿಟ್ಟುಕೊಂಡ. ನಾಳೆ ಕಂಬ ತಿರುಗಿಸಬೇಕು. ಮಾತು ಮಾತೇ.

ಆದರೆ ಮರುದಿನ ಬೆಳಿಗ್ಗೆ ಬಂದವನು ಕಫೀಲ್, ಅವನ ವೀಸಾಕ್ಕೆ ಹೊಣೆಯಾದ ಧಣಿ, ಅಬ್ದುಸ್ಸಲಾಮ್. ಮೆಟ್ಟಿಲು ಹತ್ತಿದ ದಣಿವಿಗಿಂತ ಹೆದರಿಕೆಯ ಏದುಸಿರು ಹೆಚ್ಚಿತ್ತು. ಮೇಜಿನ ಮೇಲಿನ ಕಿಲ್‌ಡಾನಿಯನ್ನು ನೋಡಿ ಹಣೆ ಹಿಡಿದುಕೊಂಡ.

"ಅಣ್ಣೂ, ಇದು ನಿಜವೇ? ಕನೀಸಾ? ಇಗರ್ಜಿ? ನನ್ನ ಮನೆಯಲ್ಲಿ? ಈ ದೇಶದಲ್ಲಿ ಅದರ ಗೊಂಬೆಯೂ ಸಲ್ಲದು ಎಂದು ಗೊತ್ತಿಲ್ಲವೇ? ಯಾರೋ ಹೋಗಿ ದೂರು ಕೊಟ್ಟಿದ್ದಾರೆ. ಪೊಲೀಸಿನಲ್ಲಿ ನನ್ನ ಸೋದರಳಿಯ ಇರುವುದಕ್ಕೆ ನನಗೆ ಮೊದಲು ಗೊತ್ತಾಯಿತು. ಸಂಜೆಗೆ ಬರುತ್ತಾರೆ. ಅಷ್ಟರಲ್ಲಿ ಇದು ಇರಬಾರದು, ನೀನೂ ಇರಬಾರದು. ಪಾಸ್‌ಪೋರ್ಟಿಗೆ ಹೊರಹೋಗುವ ಮೊಹರು ಈಗಲೇ ಹಾಕಿಸುತ್ತೇನೆ. ಜೆದ್ದಾದಿಂದ ವಿಮಾನ. ಯಲ್ಲಾ!"

"ದೂರು ಕೊಟ್ಟದ್ದು ಯಾರು?"

"ನಿಮ್ಮವನೇ. ಫೋರ್ಮನ್ ಅಂತೆ."

ಕ್ಯಾಂಪಿನಲ್ಲಿ ಜಾರಪ್ಪನಿಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಹುಡುಗರು ಅವನ ಹಿಂದೆ ಕ್ಯಾಸೆಟ್ಟಿನ ಮಾತನ್ನು ಅಣಕಿಸುತ್ತಿದ್ದರು. ಕಂಪೆನಿ ಫೋರ್ಮನ್ ಪಟ್ಟವನ್ನು ಕಿತ್ತುಕೊಂಡಿತ್ತು. ಸಿಟ್ಟು ಮುಂದೆ ಓಡಿತು, ದಾರಂದದ ನೆನಪು ಹಿಂದೆ ಉಳಿಯಿತು.

ಮೊಯಿದಿನಬ್ಬ ದೊರೆಯ ಬಳಿಗೆ ಓಡಿ ಓಡಿಯೇ ತಿರುಗಿ ಬಂದ. "ಊರು ಮೂರೂ ಕೊಡಿ, ಅದು ಬರೀ ಮಕ್ಕಳ ಆಟಿಕೆ ಅಂತ ಹೇಳಬಹುದು. ಇಗರ್ಜಿ ಎರಡೂ ಸುಟ್ಟುಬಿಡಿ ಅಂದ್ರು ದೊರೆ. ಕಣ್ಣು ಕೆಂಪಾಗಿತ್ತು."

ಬೆಣೆಗಳು ಒಂದೊಂದಾಗಿ ಕಳಚಿದವು. ಬ್ರೇಹೆಡ್, ಮಿಲ್‌ಟನ್, ಶೋರ್‌ಟೌನ್ ಬಟಾಟೆಯ ಪೆಟ್ಟಿಗೆಯೊಳಗೆ ಮಲಗಿದವು. ಎರಡು ಇಗರ್ಜಿಗಳನ್ನು ಗೋಣಿಯಲ್ಲಿ ಸುತ್ತಿ ಯಮನಿಯವನ ರೊಟ್ಟಿ ಒಲೆಗೆ ಹಾಕಿದರು. ಒಣಗಿದ ಮರ, ಕ್ಷಣದಲ್ಲಿ ಹತ್ತಿಕೊಂಡಿತು. "ನೂರು ವರ್ಷ ಮುಖ ತಿರುಗಿಸಿದವು, ಈಗ ಒಂದೇ ಒಲೆಯಲ್ಲಿ" ಎಂದು ಮೊಯಿದಿನಬ್ಬ ನಗಲು ನೋಡಿದ. ನಗು ಬರಲಿಲ್ಲ. ಯಮನಿಯವನು ಅದೇ ಬೆಂಕಿಯಲ್ಲಿ ರೊಟ್ಟಿ ಬಡಿದ.

ಅಣ್ಣು ಹತ್ಯಾರುಗಳ ಚೀಲ ಕಟ್ಟಿದ. ಬಟ್ಟೆಬರೆ ಇನ್ನೊಂದು ಸಣ್ಣ ಗಂಟು. ದಾರಂದ ಗೋಡೆಗೆ ಒರಗಿಯೇ ಇತ್ತು. ಅದರ ಮುಂದೆ ಅವನು ಸ್ವಲ್ಪ ಹೊತ್ತು ನಿಂತ. ಎಡಗಡೆಯ ಕಂಬದ ಮೇಲೆ ಕೈಯಾಡಿಸಿದ. ತಿರುಗಿಸಲು ಎಷ್ಟು ಹೊತ್ತಿನ ಕೆಲಸ? ಟ್ಯಾಕ್ಸಿ ಬರುವುದರೊಳಗೆ ಆದೀತು. ಅಪ್ಪನ ಆಣೆ ನೆನಪಾಯಿತು. ಸುಂದರಿಯ ದನಿ ನೆನಪಾಯಿತು. ಸಂಜೆ ಬರುವವರೂ ನೆನಪಾದರು. ಕಫೀಲನಿಗೆ ಸೋದರಳಿಯನೊಬ್ಬ ಇಲ್ಲದಿದ್ದರೆ ತಾನು ಇವತ್ತು ರಾತ್ರಿ ಎಲ್ಲಿ ಮಲಗಬೇಕಿತ್ತು! ಚೀಲದ ಬಾಯಿ ಬಿಚ್ಚಲಿಲ್ಲ.

ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಜಾರಪ್ಪ. ಯಾರೋ ಹೇಳಿರಬೇಕು, ಅಣ್ಣು ಹೊರಟ ಎಂದು. ಆಗಲೇ ನೆನಪಾಗಿರಬೇಕು ಅವನಿಗೆ, ಬಾಗಿಲು.

"ಆಚಾರ್ರೇ! ಕಂಬ! ನೀವು ಮಾತು ಕೊಟ್ಟಿದ್ರಿ!"

"ಹೌದು. ಇವತ್ತು ತಿರುಗಿಸುವ ಅಂತ ಬೆಣೆ ಎಲ್ಲ ತಯಾರು ಮಾಡಿದ್ದೆ. ನೀವೇ ಟಿಕೆಟ್ ಮಾಡಿಸಿಕೊಟ್ರಿ."

"ತಪ್ಪಾಯ್ತು. ಕಾಲು ಹಿಡಿತೇನೆ. ಎಡವಾ, ಬಲವಾ? ಅಷ್ಟು ಹೇಳಿ. ಮನೆ ಒಕ್ಕಲು ಹತ್ತಿರ ಬಂತು, ಜನ ಹೇಳಿ ಆಗಿದೆ. ಎಡವಾ? ಒಂದು ಮಾತು ಆಚಾರ್ರೇ, ಒಂದೇ ಮಾತು!"

ಮೊಯಿದಿನಬ್ಬ ಅಣ್ಣುವಿನ ತೋಳು ಮುಟ್ಟಿದ. "ಹೇಳಿಬಿಡಿ ಮಾರಾಯ್ರೇ. ಹೆಂಗಸು ಮಕ್ಕಳು ಇರುವ ಮನೆ."

"ಸುಂದರಿಯೂ ಹೆಂಗಸೇ, ಬ್ಯಾರಿಗಳೇ."

ಜಾರಪ್ಪ ಮೆಟ್ಟಿಲಿನ ಅಡ್ಡಕ್ಕೆ ಕುಕ್ಕರಿಸಿ ಎರಡು ಕೈಯಲ್ಲೂ ದಾರಿ ಕಟ್ಟಿದ್ದ. ಕೆಳಗೆ ಟ್ಯಾಕ್ಸಿಯ ಹಾರ್ನು ಕೇಳಿಸಿತು. ಅಣ್ಣು ಹತ್ಯಾರುಗಳ ಚೀಲವನ್ನು ಹೆಗಲಿಗೇರಿಸಿ, ಗೋಡೆಗೆ ಒತ್ತಿಕೊಂಡು, ಅವನನ್ನು ಮುಟ್ಟದೆ ದಾಟಿದ. ಹಿಂದಿನಿಂದ "ಎಡವಾ? ಬಲವಾ?" ಎಂಬ ಕೂಗು ಮೆಟ್ಟಿಲಿಳಿದು ಬರುತ್ತಲೇ ಇತ್ತು. ಹವಳದ ಕಲ್ಲಿನ ಆ ಮನೆಯ ಹೊಸ್ತಿಲಿನಲ್ಲಿ ಅವನು ಒಂದು ಗಳಿಗೆ ನಿಂತದ್ದನ್ನು ಯಮನಿಯವನು ನೋಡಿದ. ಚಪ್ಪಲಿಗೆ ಕಾಲು ಸೇರಿಸಲು ಮಾತ್ರ ನಿಂತದ್ದು. ಸೇರಿಸಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಣ್ಣು ಆಚಾರಿ ಹೊರಗೆ ನಡೆದ.